ಕ್ಯಾಸೆಟ್‌ನಲ್ಲಿ ಬಂದ ಸಿಡಿಲು

ಇವತ್ತು ನಾನು ಹೇಳ್ತಿರೋದು 1982ರ ಒಂದು ಕ್ಯಾಸೆಟ್ ಕಥೆ.

ಬ್ಯಾಡ್ ಬ್ರೇನ್ಸ್, ಅಮೆರಿಕದ ವಾಷಿಂಗ್ಟನ್‌ನ ಹಾರ್ಡ್‌ಕೋರ್ ಪಂಕ್ ಬ್ಯಾಂಡ್. ಆಗ ಪಂಕ್‌ನಲ್ಲಿ ಹೆಚ್ಚಿನವರು ಬಿಳಿಯರೇ. ಇವರು ನಾಲ್ವರೂ ಕಪ್ಪು ಹುಡುಗರು. ಮೊದಲು ಜಾಝ್ ಫ್ಯೂಷನ್ ನುಡಿಸ್ತಿದ್ರು. ಆ ಪಳಗಿದ ಕೈಗಳೇ ಪಂಕ್‌ಗೆ ಹೊಸ ವೇಗ ಕೊಟ್ಟವು.

ಊರಿನ ಕ್ಲಬ್‌ಗಳು ಬಾಗಿಲು ಮುಚ್ಚಿದಾಗ ನ್ಯೂಯಾರ್ಕ್‌ಗೆ ಹೋದರು. ಅಲ್ಲಿ ರೆಕಾರ್ಡ್ ಆದ ಮೊದಲ ಸ್ಟುಡಿಯೋ ಆಲ್ಬಮ್ಮನ್ನು ರೀಚ್‌ಔಟ್ ಇಂಟರ್‌ನ್ಯಾಷನಲ್ ಅನ್ನೋ ಸಣ್ಣ ಕಂಪನಿ ಬರೀ ಕ್ಯಾಸೆಟ್‌ನಲ್ಲಿ ತಂದಿತು. ನಡುನಡುವೆ ರೆಗೆ ಹಾಡುಗಳೂ ಇವೆ.

ಕವರ್ ನೋಡಿ: ವಾಷಿಂಗ್ಟನ್‌ನ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಬಡಿದಿದೆ. ಬಾಗಿಲು ಮುಚ್ಚಿದ ಊರಿಗೆ ಕೊಟ್ಟ ಉತ್ತರದ ಹಾಗೆ ನನಗೆ ಕಾಣುತ್ತೆ.

ಪಂಕ್ ಅಂದ್ರೆ ನುಡಿಸೋಕೆ ಬಾರದವರ ಗದ್ದಲ ಅನ್ನೋರಿಗೆ ಇದನ್ನೊಮ್ಮೆ ಕೇಳಿಸಿ.