ಶ್ರೀಮತಿ ಜಾರ್ವಿಸ್ ಮತ್ತು ತಾಯಂದಿರ ದಿನ

ಲೋಕದಲ್ಲಿ ಹೆಸರು ಉಳಿಯುವ ಬಗೆ ವಿಚಿತ್ರವಾದುದು. ಕೆಲವರ ಕಾರ್ಯವು ಮರೆತುಹೋಗಿ ಹೆಸರು ಮಾತ್ರ ಉಳಿಯುತ್ತದೆ. ಕೆಲವರ ಹೆಸರು ಅಳಿದು ಕಾರ್ಯವು ಉಳಿಯುತ್ತದೆ. ಇವೆರಡೂ ಅಲ್ಲದ ಮೂರನೆಯ ಗತಿಯೊಂದುಂಟು. ಒಬ್ಬರ ಸ್ಮರಣೆಗೆಂದು ಏರ್ಪಟ್ಟ ದಿನವು ದೇಶದೇಶಗಳಿಗೆ ಹಬ್ಬಿ, ಯಾರಿಗಾಗಿ ಅದು ಏರ್ಪಟ್ಟಿತೋ ಅವರೇ ಮರೆಯಾಗುವುದು. ಮೇ ತಿಂಗಳ ಎರಡನೆಯ ಭಾನುವಾರದಂದು ಕನ್ನಡನಾಡಿನ ಪಟ್ಟಣಗಳಲ್ಲಿಯೂ ಈಗ ಆಚರಣೆಗೆ ಬಂದಿರುವ ತಾಯಂದಿರ ದಿನದ ಮೂಲದಲ್ಲಿ ನಿಂತ ಆನ್ ರೀವ್ಸ್ ಜಾರ್ವಿಸ್ ಎಂಬ ಅಮೆರಿಕದ ಗೃಹಿಣಿಗೆ ಒದಗಿದ ಗತಿಯು ಇಂಥದೇ.

ಈಕೆಯು 1832ನೆಯ ಇಸವಿಯಲ್ಲಿ ವರ್ಜಿನಿಯ ಸಂಸ್ಥಾನದ ಕಲ್ಪೆಪರ್ ಎಂಬಲ್ಲಿ ಜನಿಸಿದಳು. ತಂದೆಯು ಮೆಥಡಿಸ್ಟ್ ಪಂಥದ ಪಾದ್ರಿ. ಆತನು ಕುಟುಂಬಸಮೇತನಾಗಿ ಆ ಸಂಸ್ಥಾನದ ಪಶ್ಚಿಮದ ಗುಡ್ಡಗಾಡಿನ ಫಿಲಿಪ್ಪಿ ಎಂಬ ಊರಿಗೆ ಬಂದು ನೆಲಸಿದನು. ಅಲ್ಲಿ 1850ರಲ್ಲಿ ಗ್ರ್ಯಾನ್‌ವಿಲ್ ಜಾರ್ವಿಸ್ ಎಂಬಾತನೊಡನೆ ಆಕೆಯ ವಿವಾಹವಾಯಿತು. ಎರಡು ವರ್ಷಗಳ ತರುವಾಯ ದಂಪತಿಗಳು ಸಮೀಪದ ವೆಬ್‌ಸ್ಟರ್ ಎಂಬ ಸಣ್ಣ ಊರನ್ನು ಸೇರಿದರು. ಗಂಡನು ವ್ಯಾಪಾರದಲ್ಲಿ ತೊಡಗಿದನು; ಹೆಂಡತಿಯ ಪಾಲಿಗೆ ಸಂಸಾರದ ಭಾರವು ಬಂದಿತು.

ಆ ಭಾರವು ಎಂಥದೆಂಬುದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಆಕೆಯು ಹೆತ್ತ ಮಕ್ಕಳು ಹತ್ತಕ್ಕೂ ಮೇಲ್ಪಟ್ಟು. ಪ್ರಾಯಕ್ಕೆ ಬಂದವರು ನಾಲ್ವರು. ದಡಾರ, ವಿಷಮಶೀತಜ್ವರ, ಗಂಟಲಮಾರಿ ಮೊದಲಾದ ರೋಗಗಳು ಆ ಕಾಲದಲ್ಲಿ ಶಿಶುಗಳನ್ನು ಒಂದರ ಮೇಲೊಂದರಂತೆ ಸೆಳೆದೊಯ್ಯುತ್ತಿದ್ದುವು. ಇದನ್ನು ದೈವೇಚ್ಛೆಯೆಂದು ಸಹಿಸುವುದೇ ಆ ಸೀಮೆಯ ತಾಯಂದಿರಿಗೆ ರೂಢಿಯಾಗಿದ್ದಿತು. ಶ್ರೀಮತಿ ಜಾರ್ವಿಸಳಿಗೆ ದೈವದಲ್ಲಿ ನಂಬಿಕೆಯು ಕಡಿಮೆಯಿರಲಿಲ್ಲ. ಆದರೆ ಕೆಟ್ಟ ನೀರಿನಿಂದಲೂ ಕೆಟ್ಟ ಹಾಲಿನಿಂದಲೂ ಬರುವ ಮರಣವನ್ನು ದೈವದ ತಲೆಗೆ ಕಟ್ಟಲು ಆಕೆಯು ಒಪ್ಪಲಿಲ್ಲ. ಆಕೆಯ ಸಹೋದರನಾದ ಡಾಕ್ಟರ್ ಜೇಮ್ಸ್ ರೀವ್ಸನು ಜನಾರೋಗ್ಯದ ವಿಷಯದಲ್ಲಿ ಶ್ರದ್ಧೆಯುಳ್ಳ ವೈದ್ಯನು. ಅವನ ನೆರವನ್ನು ಪಡೆದು, 1858ರ ಸುಮಾರಿನಲ್ಲಿ ವೆಬ್‌ಸ್ಟರ್, ಗ್ರಾಫ್ಟನ್, ಫಿಲಿಪ್ಪಿ ಮುಂತಾದ ಐದು ಊರುಗಳಲ್ಲಿ ಆಕೆಯು ಸ್ತ್ರೀಯರ ಸಂಘಗಳನ್ನು ಕಟ್ಟಿದಳು. ತಾಯಂದಿರ ದಿನದ ಕಾರ್ಯಸಂಘಗಳೆಂದು ಅವುಗಳಿಗೆ ಹೆಸರು.

ಈ ಸಂಘಗಳು ಮಾಡಿದ ಕೆಲಸವು ಆಡಂಬರದ್ದಲ್ಲ. ಮನೆಯ ಕೊಚ್ಚೆಯನ್ನು ದೂರವಿರಿಸುವುದು, ಕುಡಿಯುವ ನೀರನ್ನು ಶುದ್ಧವಾಗಿಡುವುದು, ಮಾರಾಟಕ್ಕೆ ಬಂದ ಹಾಲನ್ನು ಪರೀಕ್ಷಿಸುವುದು, ಬಡವರ ಔಷಧಕ್ಕೆ ಹಣ ಕೂಡಿಸುವುದು ಇವೇ ಅವರ ಕಾರ್ಯಕ್ರಮ. ಯಾವ ಮನೆಯ ತಾಯಿಯು ಕ್ಷಯದಿಂದ ಮಲಗಿದಳೋ ಆ ಮನೆಗೆ ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ನೇಮಿಸಿ ಅಡಿಗೆ ಮತ್ತು ಮಕ್ಕಳ ಪಾಲನೆಯನ್ನು ನಡೆಯಿಸುತ್ತಿದ್ದರು. ಸರ್ಕಾರವು ಮಾಡಬೇಕಾದುದನ್ನು ನೆರೆಹೊರೆಯ ಹೆಂಗಸರು ಕೂಡಿ ಮಾಡಿದರು.

ಮೂರು ವರ್ಷಗಳೊಳಗಾಗಿ ಈ ಸಂಘಗಳಿಗೆ ಕಠಿನವಾದ ಪರೀಕ್ಷೆಯು ಒದಗಿತು. 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಯುದ್ಧವು ಮೊದಲಾಯಿತು. ಗ್ರಾಫ್ಟನ್ ರೈಲುಹಾದಿಯ ಮುಖ್ಯ ಠಾಣೆಯಾದುದರಿಂದ ಸೈನ್ಯಗಳು ಅಲ್ಲಿಗೆ ಬಂದಿಳಿದುವು. ಆ ವರ್ಷದ ಜೂನ್ 3ರಂದು ಫಿಲಿಪ್ಪಿಯಲ್ಲಿ ಕದನವೂ ನಡೆಯಿತು. ಆ ಸೀಮೆಯು ಇಬ್ಭಾಗವಾಗಿ, ಒಂದೇ ಬೀದಿಯ ಇಬ್ಬರು ತಾಯಂದಿರ ಮಕ್ಕಳು ಎದುರುಬದುರಿನ ಸೈನ್ಯಗಳನ್ನು ಸೇರಿದರು. ಸಂಘದ ಸ್ನೇಹಕ್ಕೆ ಈ ಜಗಳವು ತಾಕಕೂಡದೆಂದು ಶ್ರೀಮತಿ ಜಾರ್ವಿಸಳು ತನ್ನ ಜತೆಯವರಿಂದ ಮಾತು ತೆಗೆದುಕೊಂಡಳು. ದಂಡಿನ ಬಿಡಾರಗಳಲ್ಲಿ ಜ್ವರವೂ ದಡಾರವೂ ಹಬ್ಬಿದಾಗ, ತೊಟ್ಟ ಅಂಗಿಯ ಬಣ್ಣವನ್ನು ನೋಡದೆ ಸಂಘದವರು ಉಭಯ ಪಕ್ಷದ ಸೈನಿಕರಿಗೂ ಶುಶ್ರೂಷೆ ಮಾಡಿದರು. 1863ರಲ್ಲಿ ಆ ಸೀಮೆಯು ವೆಸ್ಟ್ ವರ್ಜಿನಿಯ ಎಂಬ ಪ್ರತ್ಯೇಕ ಸಂಸ್ಥಾನವಾಯಿತು.

ಯುದ್ಧವು ಮುಗಿದರೂ ಹಗೆಯು ಮುಗಿಯಲಿಲ್ಲ. 1868ರಲ್ಲಿ ಆಕೆಯು ಪ್ರಂಟಿಟೌನಿನ ನ್ಯಾಯಸ್ಥಾನದಲ್ಲಿ ತಾಯಂದಿರ ಸ್ನೇಹದ ದಿನವೊಂದನ್ನು ಏರ್ಪಡಿಸಿ, ಎರಡು ಪಕ್ಷಗಳ ಸೈನಿಕರನ್ನೂ ಅವರ ಮನೆಯವರನ್ನೂ ಕರೆಯಿಸಿದಳು. ರಕ್ತಪಾತವಾದೀತೆಂದು ಹಲವರು ಹೆದರಿದ್ದರು. ಆದರೆ ಎರಡು ಕಡೆಯ ಹಾಡುಗಳೂ ಅಲ್ಲಿ ಕೇಳಿಬಂದುವು. ಕಾದಾಡಿದವರು ಕಣ್ಣೀರಿಟ್ಟು ಕೈ ಹಿಡಿದರೇ ಹೊರತು ಕೈ ಎತ್ತಲಿಲ್ಲ.

ಅಷ್ಟರೊಳಗೆ ಕುಟುಂಬವು ಗ್ರಾಫ್ಟನ್ನಿಗೆ ಬಂದು ನೆಲಸಿದ್ದಿತು. ಅಲ್ಲಿ 1873ರಲ್ಲಿ ಪ್ರತಿಷ್ಠೆಯಾದ ಆಂಡ್ರೂಸ್ ಮೆಥಡಿಸ್ಟ್ ದೇವಾಲಯದ ಭಾನುವಾರದ ಪಾಠಶಾಲೆಯಲ್ಲಿ ಆಕೆಯು ಸುಮಾರು 25 ವರ್ಷ ಮಕ್ಕಳಿಗೆ ಪಾಠ ಹೇಳಿದಳು. 1902ರಲ್ಲಿ ಪತಿಯು ತೀರಿಕೊಂಡ ಮೇಲೆ ಫಿಲಡೆಲ್ಫಿಯದಲ್ಲಿ ಮಕ್ಕಳೊಡನಿದ್ದು, 1905ನೆಯ ಇಸವಿ ಮೇ 9ರಂದು ಕಾಲವಾದಳು.

ತಾಯಿಯ ನೆನಪನ್ನು ಉಳಿಸಬೇಕೆಂದು ಮಗಳಾದ ಅನ್ನಾ ಜಾರ್ವಿಸಳು ಪಣತೊಟ್ಟಳು. 1908ರ ಮೇ 10ರಂದು ಗ್ರಾಫ್ಟನ್ನಿನ ಅದೇ ದೇವಾಲಯದಲ್ಲಿ ಮೊದಲನೆಯ ಆರಾಧನೆಯು ನಡೆಯಿತು. ತಾಯಿಗೆ ಪ್ರಿಯವಾದ ಕಾರ್ನೇಷನ್ ಎಂಬ ಬಿಳಿಯ ಹೂಗಳನ್ನು ಮಗಳು ಐನೂರರಷ್ಟು ಕಳುಹಿಸಿದ್ದಳು. 1914ರಲ್ಲಿ ಅಧ್ಯಕ್ಷನಾದ ವುಡ್ರೋ ವಿಲ್ಸನನು ಇದನ್ನು ರಾಷ್ಟ್ರದ ದಿನವೆಂದು ಸಾರಿದನು. ಸಾರಿದ ತಾರೀಖೂ ಮೇ 9, ಆಕೆಯ ಪುಣ್ಯತಿಥಿ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಾದ ಪಲ್ಲಟವಾಯಿತು. ತಾಯಿಯು ಕಟ್ಟಿದ್ದುದು ತಾಯಂದಿರ ದಿನ. ಎಂದರೆ ತಾಯಂದಿರೆಲ್ಲ ಒಟ್ಟುಗೂಡಿ ಪರರ ಮಕ್ಕಳಿಗಾಗಿ ದುಡಿಯುವ ದಿನ. ಮಗಳು ಕಟ್ಟಿದ್ದುದು ತಾಯಿಯ ದಿನ. ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ಸ್ಮರಿಸುವ ದಿನ. ಏಕವಚನವೇ ಇರತಕ್ಕದ್ದೆಂದು ಅನ್ನಾ ಹಟಹಿಡಿದಳು. ಅವಳ ಭಕ್ತಿಯಲ್ಲಿ ಕಪಟವಿರಲಿಲ್ಲ. ಆದರೂ ಬಹುವಚನವು ಏಕವಚನವಾದೊಡನೆ ನೀರು, ಹಾಲು, ಔಷಧಗಳ ಚಿಂತೆಯು ಹಿಂದೆ ಸರಿದು ಹೂವು, ಮಿಠಾಯಿ, ಬಣ್ಣದ ಕಾಗದಗಳು ಮುಂದೆ ಬಂದುವು. ವರ್ತಕರು ಆ ದಿನವನ್ನು ಕೊಳ್ಳೆಹೊಡೆಯುವುದನ್ನು ಕಂಡು ಅನ್ನಾ ಮನನೊಂದು, ತನ್ನ ಆಸ್ತಿಯನ್ನೂ ಆಯುಸ್ಸನ್ನೂ ಅವರೊಡನೆ ಹೋರಾಡುವುದರಲ್ಲಿಯೇ ಕಳೆದು, 1948ರಲ್ಲಿ ಒಂದು ಆರೋಗ್ಯಧಾಮದಲ್ಲಿ ಬಡತನದಲ್ಲಿ ಕಣ್ಣುಮುಚ್ಚಿದಳು.

ಹೆತ್ತವಳನ್ನು ಹೊಗಳುವುದು ಸುಲಭ; ಅವಳು ಹೊತ್ತ ಕೆಲಸವನ್ನು ಹೊರುವುದು ಕಷ್ಟ. ತನ್ನ ಮಕ್ಕಳನ್ನು ಮಣ್ಣಿಗಿಟ್ಟು ಬಂದು ನೆರೆಮನೆಯ ಮಗುವಿನ ಹಾಲನ್ನು ಪರೀಕ್ಷಿಸಿದವಳಿಗೆ ಹೂವೊಂದೇ ತಕ್ಕ ಕಾಣಿಕೆಯಾಗಲಾರದು. ಕನ್ನಡದಲ್ಲಿ ಆ ಭಾನುವಾರವು ತಾಯಂದಿರ ದಿನವೆಂದೇ ರೂಢಿಯಲ್ಲಿದೆ. ಮಗಳು ಬೇಡವೆಂದ ಬಹುವಚನವನ್ನು ಕನ್ನಡವು ತಿಳಿಯದೆಯೇ ಉಳಿಸಿಕೊಂಡಿದೆ. ಆ ಬಹುವಚನಕ್ಕೆ ತಕ್ಕ ಕಾರ್ಯವು ಊರೂರಿನಲ್ಲಿ ನಡೆದರೆ, ಶ್ರೀಮತಿ ಜಾರ್ವಿಸಳ ಸ್ಮರಣೆಯು ಸಾರ್ಥಕವಾದೀತು.