ತಂತಿಗಳನ್ನು ಮರಳಿ ಬರೆಯುವುದು

ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್ ಎಂದರೆ ಕಣ್ಣಿಗೆ ಕಟ್ಟುವುದು ತುದಿ ಬಾಗಿದ ಪಗೋಡ ಚಾವಣಿ. ಆದರೆ 1906ಕ್ಕೆ ಮುಂಚಿನ ಆ ಬೀದಿಗಳನ್ನು ಜಲವರ್ಣದಲ್ಲಿ ಬರೆಯುವಾಗ ನಾನು ಮೊದಲು ಬಿಡುವುದು ಆ ಚಾವಣಿಯನ್ನೇ. ಅಂದು ಅಲ್ಲಿದ್ದದ್ದು ಊರಿನ ಉಳಿದ ಭಾಗದಂಥವೇ ಇಟ್ಟಿಗೆ ಕಟ್ಟಡಗಳು. ಚೀನೀಯರು ಬಾಲ್ಕನಿಗೆ ಲಾಟೀನು, ಬಾಗಿಲಿಗೆ ತಮ್ಮ ಲಿಪಿಯ ಹಲಗೆ ತೂಗುಹಾಕಿದ್ದರು. 1906ರ ಏಪ್ರಿಲ್ 18ರ ಭೂಕಂಪದ ಬೆನ್ನಿಗೇ ಬಂದ ಬೆಂಕಿ ಅವನ್ನೆಲ್ಲ ಬೂದಿ ಮಾಡಿತು. ಚೀನೀಯರನ್ನು ಊರಂಚಿನ ಹಂಟರ್ಸ್ ಪಾಯಿಂಟಿಗೆ ಸಾಗಹಾಕಲು ನಗರದ ಮುಖಂಡರು ಹವಣಿಸಿದರು. ಆಗ ಲುಕ್ ಟಿನ್ ಎಲಿಯಂಥ ವರ್ತಕರು ಬಿಳಿಯ ವಾಸ್ತುಶಿಲ್ಪಿಗಳಿಂದಲೇ ಪಗೋಡದಂಥ ಕಟ್ಟಡಗಳನ್ನು ಕಟ್ಟಿಸಿದರು. ಪ್ರವಾಸಿಗರನ್ನು ಸೆಳೆದರೆ ಕೇರಿ ಉಳಿದೀತು ಎಂಬುದು ಅವರ ಲೆಕ್ಕಾಚಾರ.

ಹಳೆಯ ಬೀದಿಗೆ ನನ್ನ ಮುಖ್ಯ ಆಸರೆ, ಜರ್ಮನಿಯಿಂದ ಬಂದ ಆರ್ನಾಲ್ಡ್ ಗೆಂಥೆ ಪುಟ್ಟ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳು. ಅವನ ಸ್ಟುಡಿಯೋ ಸುಟ್ಟುಹೋಯಿತು. ಬ್ಯಾಂಕಿನ ಭದ್ರಕೋಣೆಯಲ್ಲಿದ್ದ ಈ ನೆಗೆಟಿವ್‌ಗಳು ಉಳಿದವು. ಆದರೆ ಅಚ್ಚಿಗೆ ಕೊಡುವಾಗ ಅವನು ಹಲವು ಚಿತ್ರಗಳಲ್ಲಿ ಇಂಗ್ಲಿಷ್ ಫಲಕ, ತಂತಿ, ಬಿಳಿಯರನ್ನು ಅಳಿಸಿದ್ದ, ಇಲ್ಲವೇ ಕತ್ತರಿಸಿದ್ದ. ಇದನ್ನು ಇತಿಹಾಸಕಾರ ಜಾನ್ ಕುವೊ ವೇ ಚೆನ್ 1984ರ ಪುಸ್ತಕದಲ್ಲಿ ತೋರಿಸಿಕೊಟ್ಟಿದ್ದಾರೆ. ಅಮೆರಿಕದ ಬೀದಿಯೊಂದು ಹೀಗೆ ದೂರದ ಚೀನಾದ ಬೀದಿಯಾಯಿತು.

ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಗದ ಕಾಗದ. ಏನನ್ನು ಬಿಡಬೇಕೆಂದು ಕುಂಚ ನೆನೆಯುವ ಮೊದಲೇ ತೀರ್ಮಾನಿಸಬೇಕು. ಹಾಗಾಗಿ ಪೆನ್ಸಿಲ್ ಗೆರೆಯ ಹಂತದಲ್ಲೇ ಕಂಬ, ತಂತಿ, ಇಂಗ್ಲಿಷ್ ಫಲಕಗಳಿಗೆ ಜಾಗ ಗುರುತಿಸುತ್ತೇನೆ.

ಇನ್ನೊಂದು ಆಕರ್ಷಣೆಯಿದೆ. ಹೊಸವರ್ಷದ ಉಡುಪಿನ ಮಕ್ಕಳನ್ನು ಗೆಂಥೆ ಮತ್ತೆ ಮತ್ತೆ ಸೆರೆಹಿಡಿದ. ಬಣ್ಣಕ್ಕೆ ಅದಕ್ಕಿಂತ ಒಳ್ಳೆಯ ನೆಪವಿಲ್ಲ. ಆದರೆ 1890ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿದ್ದ ಚೀನೀ ಗಂಡಸರು 1,03,620, ಹೆಂಗಸರು 3,868. ಚೀನೀ ಹೆಂಗಸರ ಬರವಿಗೆ 1875ರ ಪೇಜ್ ಕಾಯಿದೆ ತಡೆಯೊಡ್ಡಿತ್ತು, ಕಾರ್ಮಿಕರಿಗೆ 1882ರ ಬಹಿಷ್ಕಾರ ಕಾಯಿದೆ ಬಾಗಿಲು ಮುಚ್ಚಿತ್ತು. ಆದ್ದರಿಂದ ನನ್ನ ರಾಸ್ ಆಲಿಯ ಚಿತ್ರದಲ್ಲಿ ತುಂಬಿರುವುದು ಕಪ್ಪು ನಿಲುವಂಗಿಯ, ಜಡೆ ಇಳಿಬಿಟ್ಟ ಗಂಡಸರು. ಮಗು ಒಂದೇ ಒಂದು.

‘ಆ ತಂತಿಗಳು ಚಿತ್ರದ ಅಂದ ಕೆಡಿಸುವುದಿಲ್ಲವೇ?’ ಎಂದು ನೋಡಿದವರು ಕೇಳುತ್ತಾರೆ. ಕೆಡಿಸುತ್ತವೆ ನಿಜ. ಆದರೆ ವಲಸೆ ಬಂದ ಈ ಜನ ಎಷ್ಟು ವರ್ಷ ದುಡಿದರೂ ಆ ದೇಶದ ಪ್ರಜೆಗಳಾಗಲು 1943ರವರೆಗೆ ಕಾಯಿದೆ ಬಿಡಲಿಲ್ಲ. ಅವರು ಬದುಕಿದ್ದು ಅಮೆರಿಕದಲ್ಲೇ ಎಂದು ನನ್ನ ಕಾಗದದ ಮೇಲೆ ಹೇಳುವುದು ಆ ತಂತಿಗಳೇ.