ಸುಳಿಯೊಳಗಿನ ಹುಳು ಎಲ್ಲೆಲ್ಲಿ ಪಳಗಿ ಬಂತು?

ಮಳೆಗಾಲದಲ್ಲಿ ಅಜ್ಜಂಪುರದಿಂದ ತರೀಕೆರೆಗೆ ಹೋಗುವಾಗ ದಾರಿಬದಿಯ ಮೆಕ್ಕೆಜೋಳದ ಹೊಲಕ್ಕಿಳಿದು ಒಂದು ಸುಳಿ ಬಿಡಿಸಿ ನೋಡಿ. ಒದ್ದೆ ಮರದ ಹೊಟ್ಟಿನಂಥ ಲದ್ದಿ, ಅದರಡಿ ಕಂದು ಹುಳು. ತಲೆಯ ಮೇಲೆ ಬೋರಲು ಹಾಕಿದ ‘ವೈ’ ಅಕ್ಷರ, ಬಾಲದ ಹತ್ತಿರ ಚೌಕಕ್ಕಿಟ್ಟ ನಾಲ್ಕು ಚುಕ್ಕೆ. ರೈತರ ಬಾಯಲ್ಲಿ ಲದ್ದಿಹುಳು, ಪುಸ್ತಕದಲ್ಲಿ ಫಾಲ್ ಸೈನಿಕ ಹುಳು. ಅಮೆರಿಕ ಖಂಡದ ಈ ಜೀವಿಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇನಲ್ಲಿ, ತರೀಕೆರೆಗೆ ಸುಮಾರು 40 ಕಿ.ಮೀ. ದೂರದ ಶಿವಮೊಗ್ಗದಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮತ್ತು ಸಂಗಡಿಗರು.

ಬೇರೆ ಖಂಡದಿಂದ ಬಂದದ್ದು ಇಲ್ಲಿನ ಬಿಸಿಲಿಗೆ, ಔಷಧಿಗೆ ಇಷ್ಟು ಬೇಗ ಒಗ್ಗಿದ್ದು ಹೇಗೆ? ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಅಮೆರಿಕದ ಸೇಬು ತೋಟಗಳ ಸ್ಯಾನ್ ಹೋಸೆ ಶಲ್ಕ ಕೀಟ ಸುಣ್ಣ-ಗಂಧಕಕ್ಕೆ ಜಗ್ಗದಿದ್ದಾಗ, ಕೀಟಗಳು ಔಷಧಿಗೆ ನಿರೋಧ ಬೆಳೆಸಿಕೊಳ್ಳಬಲ್ಲವೇ ಎಂದು ಕೀಟವಿಜ್ಞಾನಿ ಮೆಲ್ಯಾಂಡರ್ 1914ರಲ್ಲೇ ಕೇಳಿದ್ದ. ಡಿಡಿಟಿಗೂ ಮುಂಚಿನ ಮಾತಿದು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಸೆಕೆಯ ಕಥೆ ಶುರುವಾದದ್ದು ಆಕಸ್ಮಿಕವಾಗಿ. ಹಣ್ಣುನೊಣ ಸಾಕುತ್ತಿದ್ದ ಪೆಟ್ಟಿಗೆಯ ಉಷ್ಣತೆಯನ್ನು ಯಾರೋ ಏರಿಸಿಬಿಟ್ಟರು. ಇಟಲಿಯ ವಿಜ್ಞಾನಿ ರಿಟೋಸ್ಸಾ ನೋಡುವಾಗ ವರ್ಣತಂತುಗಳು ಹೊಸ ಜಾಗಗಳಲ್ಲಿ ಉಬ್ಬಿದ್ದವು. 1962ರಲ್ಲಿ ಆತ ಪ್ರಕಟಿಸಿದ ಆ ಉಬ್ಬುಗಳ ಬೆನ್ನು ಹತ್ತಿದವರಿಗೆ ಶಾಖಾಘಾತ ಪ್ರೋಟೀನುಗಳು ಸಿಕ್ಕವು: ಬಿಸಿಲಿಗೆ ಜೀವಕೋಶ ಕೆಡದಂತೆ ಕಾಯುವ ಕಾವಲುಗಾರರು.

ನನಗೆ ಎಲ್ಲಕ್ಕಿಂತ ಚೋದ್ಯವೆನಿಸುವುದು ಯುರೋಪಿನ ಇನ್ನೊಂದು ಹಣ್ಣುನೊಣ. 1978ರಲ್ಲಿ ಚಿಲಿಯಲ್ಲಿ, ಕೆಲವೇ ವರ್ಷಗಳಲ್ಲಿ ಉತ್ತರ ಅಮೆರಿಕದಲ್ಲಿ ಅದು ಕಾಣಿಸಿಕೊಂಡಿತು. ತವರಿನಲ್ಲಿ ಚಳಿ ಹೆಚ್ಚಾದಂತೆ ಅದರ ರೆಕ್ಕೆ ದೊಡ್ಡದು. ಉತ್ತರ ಅಮೆರಿಕಕ್ಕೆ ಬಂದ ಎರಡು ದಶಕದಲ್ಲೇ ಅಲ್ಲೂ ಅದೇ ಕ್ರಮ ಮೂಡಿತ್ತು. ಆದರೆ ಯುರೋಪಿನಲ್ಲಿ ಹಿಗ್ಗುವ ರೆಕ್ಕೆಯ ಭಾಗ ಒಂದು, ಅಲ್ಲಿ ಹಿಗ್ಗಿದ್ದು ಇನ್ನೊಂದು. ವಿಕಾಸಕ್ಕೆ ಯುಗಗಳೇ ಬೇಕೆನ್ನುವ ನಂಬಿಕೆ ಅಲ್ಲಿಗೆ ಸಡಿಲಾಯಿತು.

ನಮ್ಮ ಕಡೆಗೆ ಬಂದರೆ, 1999ರಲ್ಲಿ ಕೋಲಾರದ ಟೊಮೆಟೊದಲ್ಲಿ ಎಲೆಮುದುಡು ರೋಗ ಹರಡುವ ಬಿಳಿನೊಣದ ‘ಬಿ’ ತಳಿ ಭಾರತದಲ್ಲೇ ಮೊದಲು ಸಿಕ್ಕಿತು. ಸೆಕೆ ಏರಿದಾಗ ಈ ನೊಣ ಮೈಯಲ್ಲಿ ಸಾರ್ಬಿಟಾಲ್ ಕೂಡಿಸಿಕೊಂಡು ತಾಳಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಸುದ್ದಿ 2021ರದು: ಗಿಡದ ವಿಷವನ್ನು ನಿಷ್ಕ್ರಿಯಗೊಳಿಸುವ ವಂಶವಾಹಿಯೊಂದನ್ನು ಈ ಜಾತಿಯ ಬಿಳಿನೊಣ ಹಿಂದೆಂದೋ ಗಿಡದಿಂದಲೇ ಪಡೆದಿತ್ತಂತೆ. ಮನೆಯ ಬೀಗದ ಕೈಯನ್ನು ಮನೆಯಲ್ಲೇ ಕದ್ದ ಹಾಗೆ!

ಲದ್ದಿಹುಳುವಿನ ವಂಶವಾಹಿಗಳ ಜಾತಕ 2017ರಲ್ಲಿ ಬಿಚ್ಚಿಕೊಂಡಿತು. ರುಚಿ ಹಿಡಿಯುವ ವಂಶವಾಹಿಗಳೇ 230ಕ್ಕೂ ಹೆಚ್ಚು. ವಿಷ ಕರಗಿಸುವ ಕಿಣ್ವಗಳೂ ಧಾರಾಳ. ಆಫ್ರಿಕ, ಏಷ್ಯಾಕ್ಕೆ ಬಂದವುಗಳಲ್ಲಿ ಬಹುಪಾಲು ಎರಡು ತಳಿಗಳ ಬೆರಕೆ: ತಾಯಿಯಿಂದ ಬರುವ ವಂಶವಾಹಿ ನೋಡಿದರೆ ಭತ್ತದ ತಳಿ, ಇನ್ನೊಂದು ನೋಡಿದರೆ ಮೆಕ್ಕೆಜೋಳದ ತಳಿ. ಭಾರತದ ಹುಳುಗಳಿಗೆ ಆಫ್ರಿಕದವುಗಳೊಂದಿಗೆ ಹತ್ತಿರದ ನಂಟು. ಕ್ಲೋರ್‌ಪೈರಿಫಾಸ್ ಗುಂಪಿನ ಔಷಧಿ ನಾಟದಂತೆ ಮಾಡುವ ಮಾರ್ಪಾಟು ಆಫ್ರಿಕ, ಚೀನಾದ ಹುಳುಗಳಲ್ಲೂ ಪತ್ತೆಯಾಗಿದೆ. ಅಂದರೆ ಇದು ನಮ್ಮ ಹೊಲದಲ್ಲಿ ಪಾಠ ಕಲಿಯಲು ಬಂದ ಹುಳುವಲ್ಲ, ಅರ್ಧ ಓದು ಮುಗಿಸಿಕೊಂಡೇ ಬಂದದ್ದು. ಉಳಿದರ್ಧ ಕಲಿಸುವವರು ನಾವು, ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದು. ಉತ್ತರ ಅಮೆರಿಕದ ಬಹುಭಾಗದಲ್ಲಿ ಚಳಿಗಾಲ ವರ್ಷವರ್ಷವೂ ಇದನ್ನು ಕೊಲ್ಲುತ್ತದೆ. ಇಲ್ಲಿ ಅಂಥ ಚಳಿಯಿಲ್ಲ, ಬೋರ್‌ವೆಲ್ ನೀರಿದ್ದರೆ ಬೇಸಿಗೆಯಲ್ಲೂ ಹಸಿರು ಸುಳಿ ಸಿಗುತ್ತದೆ.

ಕಡೂರಿನ ತೆಂಗಿನ ಗರಿಗೆ ಮಸಿ ಬಳಿಯುವ ಸುರುಳಿ ಬಿಳಿನೊಣದ ಹತೋಟಿಗೆ ಬೇರೆಯೇ ದಾರಿಯಿದೆ. ಅದನ್ನು ತಿನ್ನುವ ಎನ್‌ಕಾರ್ಸಿಯಾ ಕಣಜ ತೋಟಗಳಲ್ಲೇ ಇರುತ್ತದೆ. ಔಷಧಿ ಹೊಡೆದರೆ ಮೊದಲು ಸಾಯುವುದು ಅದು.

ಲದ್ದಿಹುಳುವಿನ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿ.ಮೀ. ಹಾರಬಲ್ಲದು. ಬಲ್ಲಾಳರಾಯನದುರ್ಗದ ಬೆಟ್ಟದ ಈಚೆಗೋ ಆಚೆಗೋ, ಒಬ್ಬರ ಹೊಲದಲ್ಲಿ ಬದುಕುಳಿದದ್ದು ಎಲ್ಲರಿಗೂ ಸೇರಿದ್ದು. ಆದ್ದರಿಂದ ಎರಡನೇ ಸಲ ಹೊಡೆಯುವ ಮುನ್ನ ಡಬ್ಬಿಯ ಸಣ್ಣಕ್ಷರ ಓದಿ. ಬಣ್ಣ, ಕಂಪನಿ ಬೇರೆಯಾದರೂ ಒಳಗಿನ ಔಷಧಿ ಹೋದ ಸಲದ್ದೇ ಆಗಿದ್ದರೆ ಅಂಗಡಿಯವರಿಗೆ ವಾಪಸ್ ಕೊಡಿ.